ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿದ ಮೇಲೆ ಪರದೆ ಕಪ್ಪಾದರೆ

ಕಳೆದ ಮಾಘಮಾಸದ ಲಗ್ನಗಳ ಕಾಲದಲ್ಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಅನತಿದೂರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಸ್ನೇಹಿತರೊಬ್ಬರು, ಮದುವೆಯ ವಿಡಿಯೋಗಳ ಕೆಲಸ ಬೇಗ ಸಾಗಲೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಆರ್‌ಟಿಎಕ್ಸ್ 3060 ಜಾತಿಯ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಂಡು ತಂದು, ರಾತ್ರಿ ತಾವೇ ಕೂಡಿಸಿ, ಸ್ವಿಚ್ಚು ಒತ್ತಿದರು. ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. ಬೆಳಗಿನ ಮೊದಲ ಬಸ್ಸಿಗೇ ಕಾರ್ಡನ್ನು ಹಿಂದಿರುಗಿಸಲು ಹೊರಟು ನಿಂತಿದ್ದವರಲ್ಲಿಗೆ ನಾನು ಹೋಗಿ, ಯಂತ್ರದ ಬೆನ್ನು ತಿರುಗಿಸಿ ನೋಡಲಾಗಿ, ಮಾನಿಟರಿನ ಕೇಬಲ್ಲು ಹಳೆಯ ಅಭ್ಯಾಸದಂತೆ ಮೇಲ್ಗಡೆಯ ಮದರ್‌ಬೋರ್ಡಿನ ಕಿಂಡಿಯಲ್ಲಿಯೇ ಇತ್ತು. ಅದನ್ನು ಕಿತ್ತು, ಕೆಳಗೆ ಅಡ್ಡಲಾಗಿರುವ ಹೊಸ ಕಾರ್ಡಿನ ಕಿಂಡಿಗೆ ಸಿಕ್ಕಿಸಿದೊಡನೆ ಚಿತ್ರ ಮೂಡಿತು.

ಚಿಕ್ಕಬಳ್ಳಾಪುರವಾಗಲಿ, ಗೌರಿಬಿದನೂರಾಗಲಿ, ಚಿಂತಾಮಣಿಯಾಗಲಿ, ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿಬರುವುದೆಂದರೆ ಅಂಗಡಿಯವನಿಗೆ ಒಂದು ದಿನದ ದುಡಿಮೆ ಹೋದಂತೆಯೇ. ಆದುದರಿಂದ ಕಾರ್ಡು ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು, ಕತ್ತಲು ಯಾವ ಘಳಿಗೆಯಲ್ಲಿ ಕವಿಯಿತೆಂಬುದನ್ನು ನಿರ್ಣಯಿಸಿಕೊಳ್ಳತಕ್ಕದ್ದು. ಸ್ವಿಚ್ಚು ಒತ್ತಿದ ಕ್ಷಣದಿಂದಲೂ ಏನೂ ಮೂಡದಿದ್ದರೆ ದೋಷವು ಕೇಬಲ್ಲು, ಜೋಡಣೆ, ವಿದ್ಯುತ್ತು ಇವುಗಳ ಪೈಕಿ ಒಂದರಲ್ಲಿರುತ್ತದೆ. ತಯಾರಕರ ಮುದ್ರೆ ಕಂಡು ವಿಂಡೋಸ್ ತೆರೆಯುವ ಹೊತ್ತಿಗೆ ಕಪ್ಪಾದರೆ ಅದು ಬಹುಮಟ್ಟಿಗೆ ಡ್ರೈವರಿನದು. ಭಾರಿ ಕೆಲಸ ಕೊಟ್ಟಾಗ ಮಾತ್ರ ಕಪ್ಪಾದರೆ ವಿದ್ಯುತ್ತು ಸಾಲದು, ಇಲ್ಲವೇ ಕಾವು ಮಿತಿಮೀರಿದೆ.

ಒಳಗೆ ಕೈಯಿಡುವ ಮುನ್ನ ಗೋಡೆಯ ಪ್ಲಗ್ಗನ್ನು ಕಿತ್ತು, ಪವರ್ ಗುಂಡಿಯನ್ನು ಹತ್ತೆಣಿಸುವಷ್ಟು ಹೊತ್ತು ಒತ್ತಿಹಿಡಿದು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ಬಳಿಕ ಕಾರ್ಡನ್ನು ಪೂರ್ತಿ ಹೊರತೆಗೆದು ಮತ್ತೆ ಕೂಡಿಸಿ. ಕಾರ್ಡು ಕೂರುವ ಸೀಳುಗಂಡಿಯ ತುದಿಯಲ್ಲಿರುವ ಕೊಂಡಿಯು ಟಕ್ಕೆಂದು ಬಿದ್ದ ಸದ್ದು ಕಿವಿಗೆ ಕೇಳಲೇಬೇಕು. ಕೇಳದಿದ್ದರೆ ಕಾರ್ಡು ಒಂದು ಕಡೆ ಎದ್ದಿದೆಯೆಂದೇ ಅರ್ಥ. ಹಳೆಯ ಕಾರ್ಡನ್ನು ಕೊಂಡವರು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಮಂಕು ಕವಿದಿದ್ದರೆ ಮಕ್ಕಳ ಬಿಳಿಯ ರಬ್ಬರಿನಿಂದ ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿ, ಪುಡಿಯನ್ನು ಒಣ ಕುಂಚದಿಂದ ಝಾಡಿಸಿದರೆ ಸಾಕು. ಹೆದ್ದಾರಿಯ ಧೂಳು ಸದಾ ಒಳನುಗ್ಗುವ ಅಂಗಡಿಗಳಲ್ಲಿ ಸೀಳುಗಂಡಿಯೊಳಗಿನ ಧೂಳನ್ನೂ ಊದಿ ತೆಗೆಯುವುದು ಯುಕ್ತ. ಊದುವುದಕ್ಕೆ ಬಾಯಿ ಬೇಡ, ಉಗುಳಿನ ತೇವ ಒಳಗೆ ಸೇರುತ್ತದೆ.

ನನ್ನ ಸ್ನೇಹಿತರ ಕಥೆ ಕೇಬಲ್ಲಿನಲ್ಲಿಯೇ ಮುಗಿಯಲಿಲ್ಲ. ಎರಡು ದಿನ ಕಳೆದು, ಒಂದು ಆರತಕ್ಷತೆಯ ವಿಡಿಯೋವನ್ನು ರೆಂಡರಿಗೆ ಹಾಕಿದ ಅರೆಗಳಿಗೆಯಲ್ಲಿ ಪರದೆ ಮತ್ತೆ ಕಪ್ಪಾಯಿತು. ಯಂತ್ರಕ್ಕೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಮೈಮೇಲೆ 450 ವ್ಯಾಟ್ ಎಂದು ದೊಡ್ಡಕ್ಷರದಲ್ಲಿದ್ದರೂ, ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿಗೆ ಬರೆದಿದ್ದುದು 18 ಆಂಪಿಯರ್ ಮಾತ್ರ. ಗುಣಿಸಿದರೆ 216 ವ್ಯಾಟ್. ಆ ಕಾರ್ಡೊಂದೇ 170 ವ್ಯಾಟ್ ಬೇಡುತ್ತದೆ, ಪ್ರೊಸೆಸರಿಗೆ ಇನ್ನೊಂದು 65. ಗ್ರಾಫಿಕ್ಸ್ ಕಾರ್ಡು ಉಣ್ಣುವುದು ಬಹುತೇಕ ಈ 12 ವೋಲ್ಟಿನ ಸಾಲಿನಿಂದಲೇ ಆದ್ದರಿಂದ, ಕೊಳ್ಳುವವರು ಓದತಕ್ಕದ್ದು ದೊಡ್ಡಕ್ಷರವನ್ನಲ್ಲ, ಈ ಸಣ್ಣ ಸಾಲನ್ನು. ಮದರ್‌ಬೋರ್ಡಿನ ಸೀಳುಗಂಡಿ ಹೆಚ್ಚೆಂದರೆ 75 ವ್ಯಾಟ್ ಕೊಡಬಲ್ಲದು. ಆರು ಪಿನ್ನಿನ ತಂತಿ 75, ಎಂಟು ಪಿನ್ನಿನದು 150. ಪ್ರೊಸೆಸರಿನ ಎಂಟು ಪಿನ್ನಿನ ತಂತಿ ನೋಡಲು ಇದರಂತೆಯೇ ಇದ್ದರೂ ಅದು ಬೇರೆ. ಕಾರ್ಡಿಗೆ ಸೇರತಕ್ಕದ್ದು ಆರು ಮತ್ತು ಎರಡಾಗಿ ಬಿಡಿಸಬಹುದಾದುದು. ಸ್ನೇಹಿತರು ಅಂಥ ತಂತಿಯಿಲ್ಲದೆ ಅಗ್ಗದ ಅಡಾಪ್ಟರೊಂದನ್ನು ಹಾಕಿದ್ದರು. ತೆಗೆದು ನೋಡಿದರೆ ಅದರ ಬಿಳಿಯ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಕಂದಾಗಿ, ಸುಟ್ಟ ವಾಸನೆ ಬರುತ್ತಿತ್ತು. ಇಂಥ ಅಡಾಪ್ಟರುಗಳನ್ನು ದಯವಿಟ್ಟು ಬಳಸಬೇಡಿ. ಆ ಕಾರ್ಡಿಗೆ ತಯಾರಕರೇ ಹೇಳಿರುವ ಎಸ್‌ಎಂಪಿಎಸ್ 550 ವ್ಯಾಟಿನದು. ಯಂತ್ರವು ಯುಪಿಎಸ್ಸಿನ ಮೇಲೆ ಓಡುವುದಾದರೆ, 600 ವಿ.ಎ. ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟಿನಷ್ಟನ್ನೇ ಹೊರಬಲ್ಲದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗೌರಿಬಿದನೂರಿನಲ್ಲಿ ಲಗ್ನಪತ್ರಿಕೆ ಅಚ್ಚುಮಾಡುವ ಪರಿಚಿತರೊಬ್ಬರದು ಇನ್ನೊಂದು ಬಗೆ. ಅವರ ಮಾನಿಟರು ಹಳೆಯದು, ನೀಲಿ ಮೂತಿಯ ವಿಜಿಎ ಕೇಬಲ್ಲಿನದು. 1987ರಲ್ಲಿ ಐಬಿಎಂ ಬಳಕೆಗೆ ತಂದ ಆ ಪದ್ಧತಿಯು ಹೊಸ ಕಾರ್ಡುಗಳಲ್ಲಿಲ್ಲ. ಬರಿಯ ತಂತಿಯಿಂದ ಎಚ್‌ಡಿಎಂಐ ಸಂಕೇತ ವಿಜಿಎ ಆಗುವುದಿಲ್ಲ. ಒಳಗೆ ಚಿಪ್ಪಿರುವ ಪರಿವರ್ತಕವೇ ಬೇಕು.

ಇಷ್ಟಾದರೂ ಕತ್ತಲೆಯಿದ್ದರೆ ಯಂತ್ರದ ಕೂಗಿಗೆ ಕಿವಿಗೊಡಿ: ಒಂದು ದೀರ್ಘ, ಎರಡು ಹ್ರಸ್ವ ಬೀಪುಗಳು ಅನೇಕ ಬೋರ್ಡುಗಳಲ್ಲಿ ಚಿತ್ರಭಾಗದ ದೋಷದ ಸೂಚನೆ. ಪ್ಲಗ್ಗು ಕಿತ್ತಿರುವಾಗಲೇ ನಾಣ್ಯದಂತಿರುವ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮರಳಿ ಹಾಕಿದರೆ ಬಯಾಸ್ ತನ್ನ ಮೂಲಸ್ಥಿತಿಗೆ ಬರುತ್ತದೆ.

ಮುದ್ರೆ ಕಂಡ ಮೇಲೆ ಕಪ್ಪಾಗುವವರು ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಲಿ, ಡ್ರೈವರು ಮರುಚಾಲನೆಗೊಳ್ಳುತ್ತದೆ. ಫಲವಾಗದಿದ್ದರೆ, ವಿಂಡೋಸ್ ತೆರೆಯುತ್ತಿರುವಾಗಲೇ ಪವರ್ ಗುಂಡಿ ಒತ್ತಿಹಿಡಿದು ಎರಡು ಮೂರು ಬಾರಿ ಆರಿಸಿದರೆ ದುರಸ್ತಿಯ ಪುಟ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಸಾಗಿ 4 ಒತ್ತಿದರೆ ಸೇಫ್ ಮೋಡ್. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು, ಹಳೆಯ ಡ್ರೈವರನ್ನು ತೆಗೆದುಹಾಕಿ, ಯಂತ್ರವನ್ನು ಎಂದಿನಂತೆ ಮರಳಿ ತೆರೆದು, ಕಾರ್ಡು ತಯಾರಕರ ತಾಣದಿಂದ ಹೊಸದನ್ನು ಇಳಿಸಿಕೊಳ್ಳಿ. ಬಿಟ್‌ಲಾಕರ್ ಬೀಗ ಹಾಕಿದವರಿಗೆ ಈ ದಾರಿಯಲ್ಲಿ ಅದರ ರಿಕವರಿ ಸಂಖ್ಯೆ ಬೇಕಾಗಬಹುದು, ಮೊದಲೇ ಬರೆದಿಟ್ಟುಕೊಂಡಿರಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಪ್ರತಿಸಲವೂ ಸ್ವಿಚ್ಚು ಹಾಕಿ ನೋಡುತ್ತ ಬಂದರೆ ಯಾವುದರಿಂದ ಗುಣವಾಯಿತೆಂದು ತಿಳಿಯುತ್ತದೆ. ಕೊನೆಗೆ, ಸಾಕಷ್ಟು ವಿದ್ಯುತ್ತಿರುವ ನೆರೆಯವರ ಯಂತ್ರದಲ್ಲಿಯೂ ಕಾರ್ಡು ಚಿತ್ರ ಮೂಡಿಸದಿದ್ದರೆ, ಆಗ ಬಸ್ಸು ಹತ್ತಬಹುದು: ಕಾರ್ಡನ್ನು ಅದು ಬಂದ ಬೆಳ್ಳಿಬಣ್ಣದ ಚೀಲದಲ್ಲಿಯೇ ಇಟ್ಟು, ಸೀರಿಯಲ್ ಸಂಖ್ಯೆಯ ಫೋಟೋ ತೆಗೆದುಕೊಂಡು, ಬಿಲ್ಲನ್ನು ಜೇಬಿನಲ್ಲಿಟ್ಟುಕೊಂಡು.