ಕೊಡುವ ಕೈಯ ಅಹಂಕಾರ

ಅಹಂಕಾರವೆಂದರೆ ದೊಡ್ಡ ಮಾತು, ದೊಡ್ಡಸ್ತಿಕೆ ಎಂದೇ ಬಹಳ ಕಾಲ ತಿಳಿದಿದ್ದೆ. ಸೇವೆಯ ಜೋಳಿಗೆಯೊಳಗೂ ಅದು ಅಡಗಿ ಕೂತಿರುತ್ತದೆ ಎಂಬುದು ಅರಿವಾದದ್ದು ಮೊಣಕಾಲಿನ ಆಪರೇಷನ್ ಆಗಿ ಹಾಸಿಗೆ ಹಿಡಿದಾಗ.

ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯಲ್ಲಿ ನಾನು ಹಳಬ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ ವಿದ್ಯಾರ್ಥಿ ಗೆಳೆಯರೊಡನೆ ಕಟ್ಟಿದ ಸಂಘವಿದು. ಬಡವರ ಮನೆಗೇ ಹೋಗಿ, ಕೂತು ಮಾತಾಡಿ ಬರುವುದು ಇದರ ಮೂಲ ಕ್ರಮ. ಅಕ್ಕಿ, ಬೇಳೆ, ಮಕ್ಕಳ ಫೀಸಿನ ದುಡ್ಡು ಹಿಡಿದು ನಾನೂ ಹೋಗುತ್ತಿದ್ದೆ. ಅವರು ಚಾಪೆ ಹಾಸಿ, "ಕಾಫಿ ಕುಡ್ಕೊಂಡು ಹೋಗಿ ಸಾರ್" ಎಂದರೆ, "ಬೇಡಮ್ಮ, ನಿಮಗ್ಯಾಕೆ ತೊಂದರೆ" ಎಂದು ಎದ್ದುಬಿಡುತ್ತಿದ್ದೆ. ಅದು ಸೌಜನ್ಯವೆಂದೇ ನಂಬಿದ್ದೆ.

ನಾನು ಮಲಗಿದ ಸುದ್ದಿ ತಿಳಿದು ಅಂಥ ಒಂದು ಮನೆಯ ತಾಯಿ ಟಿಫಿನ್ ಕ್ಯಾರಿಯರಿನಲ್ಲಿ ರಾಗಿ ಗಂಜಿ ತಂದರು. ನನ್ನ ಬಾಯಿಗೆ ಬಂದದ್ದು ಅದೇ ಮಾತು. ಆಕೆ ಮುಚ್ಚಳ ತೆಗೆಯುತ್ತಾ, "ನೀವು ತಂದಾಗ ನಾವು ಬೇಡ ಅಂದಿದ್ವಾ ಸಾರ್?" ಎಂದರು. ಬಿಸಿ ಗಂಜಿಗೆ ಮಜ್ಜಿಗೆ ಹುಯ್ದು ಕಲಸಿ, ಲೋಟವನ್ನು ನನ್ನ ಕೈಗಿಟ್ಟು, ಕುಡಿದು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದರು.

ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯವನ್ನು ಪ್ರತಿ ಪವಿತ್ರ ಗುರುವಾರ ಕೇಳುತ್ತೇವೆ. ಯೇಸುಸ್ವಾಮಿ ಸೊಂಟಕ್ಕೆ ಅಂಗವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯಲು ಬಗ್ಗುತ್ತಾರೆ. ಪೇತ್ರ ಸುತರಾಂ ಒಪ್ಪುವುದಿಲ್ಲ. ಅದನ್ನು ನಾನು ಭಕ್ತಿಯೆಂದೇ ಎಣಿಸಿದ್ದೆ. ಈಗ ಅದರಲ್ಲಿ ಬಿಗುಮಾನವೂ ಕಾಣುತ್ತದೆ. ತೊಳೆಸಿಕೊಳ್ಳದಿದ್ದರೆ ತನ್ನೊಡನೆ ಪಾಲೇ ಇಲ್ಲವೆಂದು ಪ್ರಭು ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಪಡೆದುಕೊಳ್ಳಲಾರದವನು ಕೃಪೆಯನ್ನಾದರೂ ಹೇಗೆ ಪಡೆದಾನು?

ಯಾರು ಯಾರ ಕಾಲು ಮುಟ್ಟಬೇಕೆಂಬುದನ್ನು ನಮ್ಮ ನಾಡಿನಲ್ಲಿ ವಯಸ್ಸು, ಜಾತಿ, ಅಂತಸ್ತು ತೀರ್ಮಾನಿಸಿಬಿಟ್ಟಿವೆ. ಕ್ರೈಸ್ತರಾದ ನಾವೂ ಅದನ್ನು ಪೂರ್ತಿ ಬಿಟ್ಟಿಲ್ಲ. 2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಮುಸ್ಲಿಮರಿದ್ದರು, ಹೆಣ್ಣುಮಕ್ಕಳಿದ್ದರು. 2016ರಲ್ಲಿ ನಿಯಮವೇ ಬದಲಾಗಿ ಸ್ತ್ರೀಯರಿಗೂ ಪಾದ ತೊಳೆಯುವ ಈ ವಿಧಿಯಲ್ಲಿ ಜಾಗ ಸಿಕ್ಕಿತು. ಆದರೂ ಪಾದ ತೊಳೆಸಿಕೊಳ್ಳುವವರ ಕುರ್ಚಿಗಳಿಗೆ ಊರಿನ ಗಣ್ಯರನ್ನೇ ಹುಡುಕುವ ಚಾಳಿ ಅಲ್ಲಲ್ಲಿ ಉಳಿದಿದೆ. ದೇವಾಲಯದ ಬೆಂಚಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆಸುವುದೂ ಅದೇ ರೋಗ. ಆ ಹೆಸರುಗಳನ್ನು ಅಳಿಸಿದರೆ ಒಳ್ಳೆಯದು.

ಈಗ ಹೋದ ಮನೆಯಲ್ಲಿ ಕೊಟ್ಟದ್ದನ್ನು ಕುಡಿದೇ ಏಳುತ್ತೇನೆ. ನನ್ನ ಕಷ್ಟವನ್ನೂ ಹೇಳಿಕೊಳ್ಳುತ್ತೇನೆ. "ನನಗಾಗಿ ಪ್ರಾರ್ಥಿಸಿ" ಎಂದು ಕೇಳಲು ಮೊದಮೊದಲು ನಾಲಿಗೆಯೇ ಏಳುತ್ತಿರಲಿಲ್ಲ. ಕೇಳಿದ ಮೇಲೆ ಆ ಮನೆಯವರು ನನ್ನೊಡನೆ ಮಾತಾಡುವ ರೀತಿಯೇ ಬದಲಾಯಿತು. ಮಗ ಕುಡಿಯುತ್ತಾನೆ, ಬಾಡಿಗೆ ಬಾಕಿಯಿದೆ ಎಂಬುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳತೊಡಗಿದರು.

ಸೇವೆಗೆ ಹೊರಡುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಬರುವ ತಪಸ್ಸುಕಾಲದಲ್ಲಿ ಅಕ್ಕಿಚೀಲ ಇಳಿಸಿ ಹಾಗೇ ಹಿಂತಿರುಗಬೇಡಿ. ಆ ಮನೆಯಲ್ಲಿ ಒಂದು ಹೊತ್ತು ಉಂಡು, ಅವರಿಂದ ಪ್ರಾರ್ಥನೆ ಕೇಳಿ ಪಡೆದು ಬನ್ನಿ.