ಮಡಿಸುವ ಕಸಿ ಚಾಕು: ಗುಣ ಮತ್ತು ಬೆಲೆಯನ್ನು ತೂಗಿ ನೋಡುವ ಬಗೆ

ಒಂದೇ ತಾಯಿ ಮರದ ಕಡ್ಡಿ, ಒಂದೇ ವಯಸ್ಸಿನ ಬೇರುಸಸಿ, ಒಂದೇ ದಿನದ ಕೆಲಸ. ಆದರೂ ಇಬ್ಬರು ಕಟ್ಟಿದ ಮಾವಿನ ಕಸಿಗಳಲ್ಲಿ ಒಬ್ಬರವು ಚಿಗುರುತ್ತವೆ, ಮತ್ತೊಬ್ಬರವು ಒಣಗುತ್ತವೆ. ಹೀಗಾದಾಗ ಹವೆಯನ್ನೋ, ಕಡ್ಡಿಯನ್ನೋ, ಇಲ್ಲವೆ ‘ಕೈಗುಣ’ವನ್ನೋ ದೂರುವುದು ವಾಡಿಕೆ. ಕೈಯಲ್ಲಿದ್ದ ಚಾಕುವನ್ನು ಪರೀಕ್ಷಿಸಿ ನೋಡುವವರು ಕಡಿಮೆ.

ಸಿಪ್ಪೆ ಮತ್ತು ಕಟ್ಟಿಗೆಯ ನಡುವೆ ಇರುವ ತೆಳುವಾದ ಹಸಿ ಪದರಕ್ಕೆ ಕೇಂಬಿಯಂ ಎಂದು ಹೆಸರು. ಬೇರುಸಸಿಯ ಕೇಂಬಿಯಂ ಮತ್ತು ಕಸಿಕಡ್ಡಿಯ ಕೇಂಬಿಯಂ ಒಂದಕ್ಕೊಂದು ತಾಗಿ ಕುಳಿತರೆ ಮಾತ್ರ ಕಸಿ ಕೂಡುತ್ತದೆ. ಹರಿತವಾದ ಅಲಗು ಒಂದೇ ಎಳೆತಕ್ಕೆ ನುಣುಪಾಗಿ ಕೊಯ್ಯುತ್ತದೆ. ಮೊಂಡ ಅಲಗು ಜೀವಕೋಶಗಳನ್ನು ಜಜ್ಜುತ್ತದೆ, ಕೊಯ್ದ ಮುಖ ಅಲೆಅಲೆಯಾಗುತ್ತದೆ, ನಡುವೆ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಗಾಯ ಒಣಗುತ್ತದೆ ಅಥವಾ ನೀರು ನಿಂತು ಕೊಳೆಯುತ್ತದೆ. ಆದುದರಿಂದ ಚಾಕುವಿನ ಆಯ್ಕೆ ಸಣ್ಣ ವಿಷಯವಲ್ಲ.

ಈಗ ಪೇಟೆಯಲ್ಲಿ ನೂರಿನ್ನೂರು ರೂಪಾಯಿಗಳಿಂದ ಹಿಡಿದು ಹಲವು ಸಾವಿರ ರೂಪಾಯಿಗಳವರೆಗೆ ಮಡಿಸುವ ಚಾಕುಗಳು ದೊರೆಯುತ್ತವೆ. ಹೆಚ್ಚು ಬೆಲೆಯದೆಲ್ಲ ಒಳ್ಳೆಯದಲ್ಲ, ಅಗ್ಗದ್ದೆಲ್ಲ ಕೆಟ್ಟದ್ದೂ ಅಲ್ಲ. ಕೊಟ್ಟ ಹಣ ಚಾಕುವಿನ ಯಾವ ಭಾಗಕ್ಕೆ ಹೋಗಿದೆ ಎಂಬುದನ್ನು ತಿಳಿದು ಕೊಳ್ಳುವುದೇ ಜಾಣತನ.

ಕೆಲಸಕ್ಕೆ ತಕ್ಕ ಚಾಕು

ಕಡ್ಡಿಯನ್ನು ಬೆಣೆಯಾಕಾರಕ್ಕೆ ಕೊಯ್ಯಲು ನೇರ ಅಲಗಿನ ಕಸಿ ಚಾಕು ಬೇಕು. ಗುಲಾಬಿ, ಕಿತ್ತಳೆ, ನಿಂಬೆ ಮುಂತಾದವುಗಳಲ್ಲಿ ಕಣ್ಣು ಕಸಿ ಮಾಡಲು, ಸಿಪ್ಪೆಯನ್ನು ಎಬ್ಬಿಸುವ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಮೊಂಡ ನಾಲಿಗೆಯುಳ್ಳ ಚಾಕು ಅನುಕೂಲ. ಸಣ್ಣ ರೆಂಬೆಗಳನ್ನು ಸವರಲು ಕೊಕ್ಕಿನಂತೆ ಬಾಗಿದ ಅಲಗು ಒಳ್ಳೆಯದು. ಚೀಲದ ಹುರಿ ಕತ್ತರಿಸಲು, ಹಣ್ಣು ಕೊಯ್ಯಲು ಸಾಮಾನ್ಯ ಜೇಬು ಚಾಕು ಸಾಕು. ಕಸಿಯ ಚಾಕುವನ್ನು ಈ ಇತರ ಕೆಲಸಗಳಿಗೆ ಎಂದೂ ಬಳಸಬಾರದು.

ಅಲಗಿನ ಉಕ್ಕು

ಚಾಕುವಿನ ಜೀವ ಅದರ ಉಕ್ಕಿನಲ್ಲಿದೆ. ಮುಖ್ಯವಾಗಿ ಎರಡು ಬಗೆಗಳಿವೆ.

1. ಇಂಗಾಲದ ಉಕ್ಕು: ಇದು ಸುಲಭವಾಗಿ ಸಾಣೆಗೆ ಬಗ್ಗುತ್ತದೆ, ಬಹಳ ನಯವಾದ ಬಾಯಿ ಕೊಡುತ್ತದೆ. ಆದರೆ ಬೇಗ ತುಕ್ಕು ಹಿಡಿಯುತ್ತದೆ. ನಿಂಬೆ, ಮಾವುಗಳ ಹುಳಿ ರಸ ತಾಗಿದರೆ ಕಪ್ಪಾಗುತ್ತದೆ. ಈ ಕಪ್ಪು ದೋಷವಲ್ಲ. ಕೆಂಪು ತುಕ್ಕು ಮಾತ್ರ ದೋಷ.

2. ತುಕ್ಕು ಹಿಡಿಯದ ಉಕ್ಕು: ಇದರಲ್ಲಿ ಕ್ರೋಮಿಯಂ ಬೆರೆತಿರುತ್ತದೆ. ಮಳೆನಾಡಿಗೂ, ಹಸಿ ಕೈಯ ಕೆಲಸಕ್ಕೂ ಅನುಕೂಲ. ‘ತುಕ್ಕು ಹಿಡಿಯದ್ದು’ ಎಂದರೆ ತುಕ್ಕೇ ಬರದು ಎಂದಲ್ಲ. ಒದ್ದೆಯಾಗಿ ಮಡಿಸಿಟ್ಟರೆ ಕೀಲಿನೊಳಗೆ ತುಕ್ಕು ಬಂದೇ ಬರುತ್ತದೆ.

ಕೆಲವು ಅಂಗಡಿಗಳಲ್ಲಿ ಅಯಸ್ಕಾಂತ ಹಿಡಿದು ‘ಅಂಟಿತು, ಇದು ಸ್ಟೇನ್‌ಲೆಸ್ ಅಲ್ಲ’ ಎನ್ನುತ್ತಾರೆ. ಇದು ತಪ್ಪು. ತಟ್ಟೆ ಲೋಟಗಳ ಉಕ್ಕು ಸಾಮಾನ್ಯವಾಗಿ ಅಂಟುವುದಿಲ್ಲ ನಿಜ. ಆದರೆ ಹದಗೊಳಿಸಿ ಗಡಸು ಮಾಡಬಲ್ಲ ಚಾಕುವಿನ ಸ್ಟೇನ್‌ಲೆಸ್ ಉಕ್ಕು ಅಯಸ್ಕಾಂತಕ್ಕೆ ಅಂಟುತ್ತದೆ. ಅಂಟದ ಅಲಗಾದರೆ ಅದನ್ನೇ ಸಂಶಯದಿಂದ ನೋಡಬೇಕು.

ಬಹು ಬೆಲೆಯ ಚಾಕುಗಳಲ್ಲಿ ಪುಡಿ ಲೋಹದಿಂದ ತಯಾರಿಸಿದ ಉಕ್ಕನ್ನು ಬಳಸುತ್ತಾರೆ. ಇದರ ಹರಿತ ದೀರ್ಘ ಕಾಲ ನಿಲ್ಲುತ್ತದೆ. ಆದರೆ ಮೊಂಡಾದ ಮೇಲೆ ಮನೆಯ ಸಾಣೆಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ, ವಜ್ರದ ಪುಡಿ ಕೂರಿಸಿದ ಸಾಣೆ ಬೇಕಾಗುತ್ತದೆ. ದಿನವೂ ತಾವೇ ಸಾಣೆ ಹಿಡಿಯುವ ರೈತರಿಗೆ ಇದು ಲಾಭವೇನಲ್ಲ.

ಅಲೆಅಲೆಯ ಚಿತ್ತಾರವುಳ್ಳ ‘ಡಮಾಸ್ಕಸ್’ ಚಾಕುಗಳ ಬಗ್ಗೆಯೂ ಒಂದು ಮಾತು. ಹಿಂದೆ ದಕ್ಷಿಣ ಭಾರತದ ಮೂಸೆಗಳಲ್ಲಿ ಕಾಯಿಸಿದ ಉಕ್ಕು ಪಶ್ಚಿಮ ಏಷ್ಯಾದ ಕತ್ತಿಗಳಿಗೆ ಹೆಸರು ತಂದಿತ್ತು. ಅದಕ್ಕೆ ಇಂಗ್ಲಿಷರು ಇಟ್ಟ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆದರೆ ಈಗ ಮಾರುವ ಡಮಾಸ್ಕಸ್ ಬಹುಪಾಲು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಆಮ್ಲದಲ್ಲಿ ಅದ್ದಿದ್ದು. ಚಿತ್ತಾರ ಕಣ್ಣಿಗೆ ಚೆಂದ. ಕಡ್ಡಿಯನ್ನು ಕೊಯ್ಯುವುದು ಅಂಚಿನಲ್ಲಿರುವ ಉಕ್ಕು ಮಾತ್ರ. ಕೆಲವು ಅಗ್ಗದ ಚಾಕುಗಳಲ್ಲಿ ಈ ಚಿತ್ತಾರವನ್ನು ಮೇಲ್ಮೈ ಮೇಲೆ ಮಾತ್ರ ಮೂಡಿಸಿರುತ್ತಾರೆ. ಉಜ್ಜಿದರೆ ಅದು ಮಾಯವಾಗುತ್ತದೆ.

ಉಕ್ಕಿನ ಹದ

ಉಕ್ಕು ಒಳ್ಳೆಯದಿದ್ದರೂ ಹದ ಕೆಟ್ಟರೆ ಪ್ರಯೋಜನವಿಲ್ಲ. ಗಡಸುತನವನ್ನು ರಾಕ್‌ವೆಲ್ ಸಿ ಎಂಬ ಮಾನದಲ್ಲಿ ಅಳೆಯುತ್ತಾರೆ. ಸ್ವಿಸ್ ಜೇಬು ಚಾಕುಗಳ ಗಡಸುತನ ಸುಮಾರು 55–56. ಬೆಲೆ ಹೆಚ್ಚಿನ ಚಾಕುಗಳಲ್ಲಿ 58ರಿಂದ 62ರವರೆಗೂ ಇರುತ್ತದೆ. ಗಡಸುತನ ಕಡಿಮೆಯಾದರೆ ಬಾಯಿ ಮಡಿಚಿಕೊಳ್ಳುತ್ತದೆ. ಅತಿಯಾದರೆ ಗಂಟು ಕೊಯ್ಯುವಾಗ ಚಕ್ಕೆ ಹಾರುತ್ತದೆ. ಆದುದರಿಂದ ಅಂಕಿ ದೊಡ್ಡದಾದಷ್ಟೂ ಚಾಕು ಉತ್ತಮ ಎಂದು ತಿಳಿಯಬಾರದು.

ಅಲಗಿನ ಇಳಿಜಾರು

ಸಾಮಾನ್ಯ ಚಾಕುವಿನ ಅಲಗು ಎರಡೂ ಕಡೆ ಇಳಿಜಾರಾಗಿರುತ್ತದೆ. ಅನೇಕ ಒಳ್ಳೆಯ ಕಸಿ ಚಾಕುಗಳ ಅಲಗು ಉಳಿಯಂತೆ ಒಂದು ಕಡೆ ಮಾತ್ರ ಇಳಿಜಾರಾಗಿದ್ದು ಮತ್ತೊಂದು ಕಡೆ ಸಪಾಟಾಗಿರುತ್ತದೆ. ಈ ಸಪಾಟು ಮುಖ ಕಡ್ಡಿಯ ಮೇಲೆ ಕುಳಿತು ಸಾಗುವುದರಿಂದ ಕೊಯ್ದ ಮುಖವೂ ಸಪಾಟಾಗುತ್ತದೆ. ಆದರೆ ಬಲಗೈಯವರಿಗೆ ಮಾಡಿದ ಚಾಕು ಎಡಗೈಯವರಿಗೆ ಒಗ್ಗದು. ಎಡಚರು ಕೊಳ್ಳುವಾಗ ಇದನ್ನು ಕೇಳಿಯೇ ಪಡೆಯಬೇಕು.

ಕೀಲು, ಸ್ಪ್ರಿಂಗು ಮತ್ತು ಹಿಡಿ

ಮಡಿಸುವ ಚಾಕುವಿನಲ್ಲಿ ದುರ್ಬಲವಾದ ಜಾಗ ಕೀಲು. ಕೀಲು ಸಡಿಲವಾದರೆ ಅಲಗು ಅಲ್ಲಾಡುತ್ತದೆ, ಕೊಯ್ತ ವಕ್ರವಾಗುತ್ತದೆ. ಕುಶಲ ಕೆಲಸಗಾರರ ಕೂಲಿ ಹೆಚ್ಚಾಗಿ ಹೋಗುವುದು ಇಲ್ಲಿಗೇ. ಬೆಲೆಯ ವ್ಯತ್ಯಾಸವನ್ನು ಗುರುತಿಸಬೇಕಾದುದೂ ಇಲ್ಲಿಯೇ.

ಬೆನ್ನಿನ ಸ್ಪ್ರಿಂಗು ಮಾತ್ರ ಇರುವ ಚಾಕುವಿನಲ್ಲಿ ಅಲಗನ್ನು ತಡೆಯುವ ಬೀಗ ಇರುವುದಿಲ್ಲ. ಮೊನೆಯಿಂದ ಚುಚ್ಚಿ ಒತ್ತಿದರೆ ಅಲಗು ಬೆರಳಿನ ಮೇಲೆ ಮಡಿಚಿಕೊಳ್ಳಬಹುದು. ಫ್ರಾನ್ಸ್ ದೇಶದ ಸವೋಯ್ ಸೀಮೆಯಲ್ಲಿ 1890ರಲ್ಲಿ ಆರಂಭವಾದ ಓಪಿನೆಲ್ ಮರದ ಹಿಡಿಯ ಚಾಕುವಿಗೆ 1955ರಲ್ಲಿ ತಿರುಗುವ ಉಂಗುರವೊಂದನ್ನು ಸೇರಿಸಲಾಯಿತು. ಉಂಗುರ ತಿರುಗಿಸಿದರೆ ಅಲಗು ಮಡಿಚದು. ರೈತಾಪಿ ಜನರ ಅಗ್ಗದ ಚಾಕುವಿನಲ್ಲಿಯೂ ಒಳ್ಳೆಯ ಯೋಚನೆ ಇರಬಹುದೆಂಬುದಕ್ಕೆ ಇದು ನಿದರ್ಶನ.

ಹಿಡಿ ಅಂಗೈ ತುಂಬುವಂತಿರಬೇಕು. ಬೆವರಿದ ಕೈಯಿಂದ ಜಾರಬಾರದು. ಜಿಂಕೆ ಕೊಂಬು, ಕಪ್ಪೆಚಿಪ್ಪಿನ ಹೊಳಪು ಮುಂತಾದವು ಬೆಲೆ ಏರಿಸುತ್ತವೆಯೇ ಹೊರತು ಕೊಯ್ತವನ್ನು ಉತ್ತಮಗೊಳಿಸುವುದಿಲ್ಲ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

1. ಚಾಕುವನ್ನು ಪೂರ್ತಿ ತೆರೆದು, ಅಲಗಿನ ಬೆನ್ನನ್ನು ಎರಡು ಬೆರಳುಗಳಿಂದ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಅಲ್ಲಾಡಬಾರದು.

2. ಮಡಿಸಿ ಮೇಲಿನಿಂದ ನೋಡಿ. ಅಲಗು ಸಂದಿನ ನಡುವೆ ಕುಳಿತಿರಬೇಕು. ಒಂದು ಪಕ್ಕಕ್ಕೆ ಉಜ್ಜುತ್ತಿದ್ದರೆ ಹರಿತ ಹಾಳಾಗುತ್ತದೆ.

3. ತೆರೆಯುವಾಗಲೂ ಮುಚ್ಚುವಾಗಲೂ ಎಳೆತ ಒಂದೇ ಸಮನಾಗಿರಬೇಕು. ಕೊನೆಯಲ್ಲಿ ‘ಟಕ್’ ಎಂದು ಗಟ್ಟಿಯಾಗಿ ನಿಲ್ಲಬೇಕು.

4. ಚಾಕುವನ್ನು ಬೆಳಕಿಗೆ ಹಿಡಿಯಿರಿ. ಬೆನ್ನಿನ ಸ್ಪ್ರಿಂಗಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಬೆಳಕು ಕಂಡರೆ ಜೋಡಣೆ ಸರಿಯಿಲ್ಲ. ಅಲ್ಲಿ ರಸ, ಮಣ್ಣು, ತೇವ ಸೇರುತ್ತದೆ.

5. ರಿವೆಟ್ಟುಗಳ ಮೇಲೆ, ಹಿಡಿ ಮತ್ತು ಲೋಹ ಕೂಡುವ ಕಡೆ ಉಗುರು ಎಳೆಯಿರಿ. ಉಗುರು ತಡೆಯಬಾರದು.

6. ಅಲಗಿನ ಬಾಯಿಯನ್ನು ಬೆಳಕಿಗೆ ನೇರವಾಗಿ ಹಿಡಿದು ನೋಡಿ. ಬಿಳಿ ಗೆರೆ ಅಥವಾ ಚುಕ್ಕೆ ಹೊಳೆದರೆ ಅಲ್ಲಿ ಮೊಂಡಾಗಿದೆ ಎಂದು ಅರ್ಥ.

ಕಾಗದ ಕತ್ತರಿಸಿ ತೋರಿಸುವುದು ಮಾತ್ರ ನಂಬತಕ್ಕ ಪರೀಕ್ಷೆಯಲ್ಲ. ಚೆನ್ನಾಗಿ ಸಾಣೆ ಹಿಡಿದರೆ ಕಳಪೆ ಉಕ್ಕೂ ಅಂದು ಕಾಗದವನ್ನು ಕೊಯ್ಯುತ್ತದೆ. ನಿಜವಾದ ಪರೀಕ್ಷೆ ಐವತ್ತು ಕಸಿ ಕಟ್ಟಿದ ಮೇಲೆ.

ಹೆಸರು ಮತ್ತು ಮುದ್ರೆ

ಸ್ವಿಟ್ಜರ್ಲೆಂಡಿನ ಇಬಾಖ್ ಊರಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ತೆರೆದ ಕಾರ್ಖಾನೆಯೇ ಇಂದಿನ ವಿಕ್ಟೋರಿನಾಕ್ಸ್. ಜರ್ಮನಿಯ ಟೀನಾ ಕಸಿ ಚಾಕುಗಳು ಇಂಗಾಲದ ಉಕ್ಕಿನವು. ನರ್ಸರಿ ಕೆಲಸಗಾರರಲ್ಲಿ ಹೆಸರಾದವು. ಜರ್ಮನಿಯ ಸೋಲಿಂಗೆನ್ ಪಟ್ಟಣದ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆ ಇದೆ. ಆ ಸೀಮೆಯಲ್ಲಿ ತಯಾರಾಗದ ಚಾಕುವಿನ ಮೇಲೆ ಅಲ್ಲಿ ಆ ಹೆಸರು ಒತ್ತುವಂತಿಲ್ಲ. ಆದರೆ ಸಂತೆಯಲ್ಲಿ ನಕಲು ಮುದ್ರೆಗಳಿಗೆ ಕೊರತೆಯಿಲ್ಲ. ಮುದ್ರೆಯನ್ನು ನಂಬುವ ಮೊದಲು ಮೇಲಿನ ಆರು ಪರೀಕ್ಷೆಗಳನ್ನು ಮಾಡಿ. ಮುದ್ರೆ ಸುಳ್ಳು ಹೇಳಬಹುದು, ಕೀಲು ಹೇಳದು.

ಬೆಲೆಯ ಲೆಕ್ಕ

ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡೋಣ. 300 ರೂಪಾಯಿಯ ಚಾಕು ಒಂದು ವರ್ಷ ಬಾಳುತ್ತದೆ. 2,400 ರೂಪಾಯಿಯದು ಹತ್ತು ವರ್ಷ ಬಾಳುತ್ತದೆ ಎನ್ನಿ. ಮೊದಲನೆಯದರ ಖರ್ಚು ವರ್ಷಕ್ಕೆ 300 ರೂಪಾಯಿ, ಎರಡನೆಯದರದು 240 ರೂಪಾಯಿ.

ಇನ್ನು ಕಸಿಯ ಲೆಕ್ಕ. ನರ್ಸರಿಯವರೊಬ್ಬರು ವರ್ಷಕ್ಕೆ 2,000 ಕಸಿ ಕಟ್ಟುತ್ತಾರೆ, ಒಳ್ಳೆಯ ಚಾಕುವಿನಿಂದ ನೂರಕ್ಕೆ ಎರಡು ಗಿಡ ಹೆಚ್ಚು ಉಳಿಯುತ್ತವೆ ಎಂದಿಟ್ಟುಕೊಳ್ಳಿ. 40 ಗಿಡಗಳಾದವು. ಗಿಡಕ್ಕೆ 60 ರೂಪಾಯಿಯಂತೆ 2,400 ರೂಪಾಯಿ, ಅಂದರೆ ಒಂದೇ ವರ್ಷದಲ್ಲಿ ಚಾಕುವಿನ ಹಣ ಕೈಸೇರಿತು. ಆದರೆ ಸ್ವಂತ ತೋಟಕ್ಕೆ ವರ್ಷಕ್ಕೆ 50 ಕಸಿ ಮಾತ್ರ ಕಟ್ಟುವವರಿಗೆ ಇದೇ ಲೆಕ್ಕದಲ್ಲಿ ಉಳಿಯುವುದು ಒಂದು ಗಿಡ, 60 ರೂಪಾಯಿ. ಅವರು ದುಬಾರಿ ಚಾಕುವಿನ ಆಸೆಗೆ ಬೀಳದೆ, ಸಾಧಾರಣ ಚಾಕು ಕೊಂಡು ಒಂದು ಒಳ್ಳೆಯ ಸಾಣೆಕಲ್ಲಿಗೆ ಹಣ ಹಾಕುವುದು ಲೇಸು. ಎಳೆಯ ಕಾಂಡದ ಕಸಿಗೆ ಹೊಸ ಬ್ಲೇಡೂ ಸಾಕಾಗುತ್ತದೆ. ಈ ಅಂಕಿಗಳ ಜಾಗದಲ್ಲಿ ನಿಮ್ಮ ಸ್ವಂತ ಅಂಕಿಗಳನ್ನು ಹಾಕಿ ನಿರ್ಧರಿಸಿ.

ಪಾಲನೆ

ಉಳಿಯಂತಹ ಅಲಗಿನ ಇಳಿಜಾರು ಮುಖವನ್ನು ಮಾತ್ರ ಸಾಣೆ ಹಿಡಿಯಬೇಕು. ಸಪಾಟು ಮುಖವನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ಅಂಚಿನಲ್ಲಿ ಎದ್ದ ಮುಳ್ಳನ್ನು ಒಂದೆರಡು ಎಳೆತಗಳಿಂದ ತೆಗೆದರೆ ಸಾಕು. ಕೊನೆಯಲ್ಲಿ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆಯಬೇಕು. ತಿರುಗುವ ಯಂತ್ರದ ಸಾಣೆಗೆ ಕೊಡಬೇಡಿ. ಕಾವಿನಿಂದ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಇಂಗಾಲದ ಉಕ್ಕಿನ ಹದ ಹೋಯಿತೆಂದೇ ತಿಳಿಯಬೇಕು. ಅಲಗನ್ನು ಬೆಂಕಿಯಲ್ಲಿ ಕಾಯಿಸಿ ಶುದ್ಧಿ ಮಾಡುವ ಅಭ್ಯಾಸವೂ ಇದೇ ಕಾರಣಕ್ಕೆ ಸಲ್ಲದು.

ಕಿತ್ತಳೆ, ನಿಂಬೆ ಜಾತಿಯ ಗಿಡಗಳಲ್ಲಿ ಎಕ್ಸೊಕಾರ್ಟಿಸ್ ಎಂಬ ವೈರಾಯ್ಡ್ ರೋಗ ಚಾಕುವಿನಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತದೆ. ಇದಕ್ಕೆ ಸ್ಪಿರಿಟ್ಟಾಗಲಿ ಬೆಂಕಿಯ ಜ್ವಾಲೆಯಾಗಲಿ ನಂಬತಕ್ಕ ಉಪಾಯಗಳಲ್ಲ. ಒಂದು ತಾಯಿ ಮರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅಲಗನ್ನು ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಈ ದ್ರಾವಣ ಉಕ್ಕನ್ನು ತಿನ್ನುವುದರಿಂದ ಕೆಲಸ ಮುಗಿದ ಕೂಡಲೇ ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ಕೀಲಿಗೆ ಒಂದು ಹನಿ ಬಿಡಬೇಕು.

ರೈತ ಬಾಂಧವರು ನೆನಪಿಡಬೇಕಾದುದು ಇಷ್ಟು: ಮೊದಲು ಕೀಲು ನೋಡಿ, ಅನಂತರ ಅಲಗು, ಆಮೇಲೆ ಹಿಡಿ, ಕಡೆಗೆ ಹೆಸರು. ಎಷ್ಟು ಕಸಿ ಕಟ್ಟುತ್ತೀರಿ ಎಂಬುದನ್ನು ಎಣಿಸಿ ಬೆಲೆ ಕೊಡಿ. ಎಂತಹ ಚಾಕುವಾದರೂ ಸಾಣೆ ಮತ್ತು ಎಣ್ಣೆ ಇಲ್ಲದೆ ಬಾಳದು. ಮುಂದಿನ ಕಸಿಯ ಕಾಲಕ್ಕೆ ಮೊದಲು ಪೆಟ್ಟಿಗೆಯಲ್ಲಿರುವ ಹಳೆಯ ಚಾಕುವನ್ನು ತೆಗೆದು ಈ ಪರೀಕ್ಷೆಗಳಿಗೆ ಒಡ್ಡಿ ನೋಡಿ. ಹೊಸದನ್ನು ಕೊಳ್ಳುವ ಅಗತ್ಯವೇ ಬೀಳದಿರಬಹುದು.