ಶಾಲು ಹೊದಿಸುವ ಮೊದಲು

ಆಗಸ್ಟ್ 15ರ ಬೆಳಿಗ್ಗೆ ಬೆಂಗಳೂರಿನ ಬಡಾವಣೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ ಕಾರ್ಯಕ್ರಮ. ಧ್ವಜಾರೋಹಣ, ಜನಗಣಮನ, ಸಂಘದ ಅಧ್ಯಕ್ಷರ ಭಾಷಣ, ಮಿಲಿಟರಿ ಬಟ್ಟೆ ತೊಟ್ಟ ಪುಟಾಣಿಗಳ ಫ್ಯಾನ್ಸಿ ಡ್ರೆಸ್, ಕೈಗೊಂದು ಲಾಡು, ಆಮೇಲೆ ಇಡ್ಲಿ-ವಡೆ. ನಡುವೆ ಎಲ್ಲೋ ‘ಹುತಾತ್ಮ ಯೋಧರಿಗೆ ನಮನ’ ಎಂಬ ಸಾಲೊಂದು ಮೈಕಿನಲ್ಲಿ ಬಂದು ಹೋಗುತ್ತದೆ. ಹತ್ತು ಗಂಟೆಗೆಲ್ಲ ಶಾಮಿಯಾನ ಬಿಚ್ಚಿರುತ್ತಾರೆ. ಯಾವ ಯೋಧ, ಯಾವ ಊರಿನವನು, ಎಲ್ಲಿ ಸತ್ತ ಎಂದು ಮಕ್ಕಳು ಕೇಳಿದರೆ ಹೇಳುವವರಿಲ್ಲ.

ನಮ್ಮ ಬಡಾವಣೆಯಲ್ಲಿ ಈ ಕ್ರಮ ಸ್ವಲ್ಪ ಬದಲಾಯಿತು. ಅದಕ್ಕೆ ಕಾರಣ ಒಬ್ಬ ತಾಯಿ.

ಆಕೆಯ ಮಗ ಕಾಶ್ಮೀರದಲ್ಲಿ ತೀರಿಕೊಂಡವನು. ಪ್ರತಿ ಸ್ವಾತಂತ್ರ್ಯ ದಿನಕ್ಕೂ ಅವರನ್ನು ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಯುವುದು ರೂಢಿ. ಒಂದು ವರ್ಷ ಅವರು ಬರಲಿಲ್ಲ. ಯಾಕೆಂದು ವಿಚಾರಿಸಲು ಹೋದ ನಾಲ್ಕೈದು ಜನರಲ್ಲಿ ನಾನೂ ಇದ್ದೆ. ಆಕೆ ಒಲೆಯ ಮೇಲಿದ್ದ ಹಾಲು ನೋಡುತ್ತಲೇ ಹೇಳಿದರು: “ಶಾಲು ಎಷ್ಟೂಂತ ಇಡ್ಲಿ? ಬೀರು ತುಂಬಿದೆ. ಪ್ರತಿ ವರ್ಷ ಅವನು ಹೆಂಗೆ ಸತ್ತ ಅಂತಲೇ ಮೈಕಲ್ಲಿ ಹೇಳ್ತೀರಿ. ಹೆಂಗಿದ್ದ ಅಂತ ಒಬ್ರೂ ಕೇಳಿಲ್ಲ ನೋಡಿ.”

ಬಂದವರು ಸುಮ್ಮನೆ ಕೂತರು. ಕಾಫಿ ಬಂತು. ಕೊನೆಗೆ ಒಬ್ಬರು, “ಹೆಂಗಿದ್ದ ಅಮ್ಮ?” ಎಂದರು.

ಮಾತು ಮಧ್ಯಾಹ್ನದವರೆಗೂ ನಡೆಯಿತು. ಚಿತ್ರಾನ್ನದಲ್ಲಿ ಕಡಲೆಬೀಜ ಆರಿಸಿ ತಟ್ಟೆಯ ಅಂಚಿಗಿಡುತ್ತಿದ್ದ. ಪಕ್ಕದ ಮನೆಯ ಗಾಜು ಒಡೆದು ಮೂರು ದಿನ ಅಜ್ಜಿಯ ಊರಲ್ಲಿ ತಲೆಮರೆಸಿಕೊಂಡಿದ್ದ. ರಜೆಗೆ ಬಂದಾಗ ಬೀದಿಯ ಸ್ಕೂಟರುಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ. ಮಂಚದ ಕೆಳಗಿದ್ದ ಕಪ್ಪು ಕಬ್ಬಿಣದ ಟ್ರಂಕನ್ನು ಆಕೆಯೇ ಎಳೆದು ತೋರಿಸಿದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಒಳಗೆ ನುಸಿಗುಳಿಗೆಯ ವಾಸನೆ, ಇಸ್ತ್ರಿ ಮಾಡಿದ ಸಮವಸ್ತ್ರ, ಮಡಚಿಟ್ಟ ತ್ರಿವರ್ಣ ಧ್ವಜ. ಯೋಧನ ಶವಪೆಟ್ಟಿಗೆಯ ಮೇಲೆ ಕೇಸರಿ ಪಟ್ಟಿ ತಲೆಯ ಕಡೆ ಬರುವಂತೆ ಧ್ವಜ ಹೊದಿಸುತ್ತಾರೆ. ಅದನ್ನು ಚಿತೆಯ ಮೇಲೆ ಇಡುವಂತಿಲ್ಲ, ಗುಂಡಿಗೆ ಇಳಿಸುವಂತಿಲ್ಲ. ಅದಕ್ಕೆ ಮುಂಚೆಯೇ ತೆಗೆದು, ಮಡಚಿ, ಮನೆಯವರ ಕೈಗೆ ಕೊಡುತ್ತಾರೆ. ಆ ಬೀದಿಯಲ್ಲಿ ವರ್ಷಗಟ್ಟಲೆ ಬಾಳಿದವರಿಗೆ ಆ ಟ್ರಂಕು ಅಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಕೆಲವು ಕುಟುಂಬಗಳು ಒಂದು ಪದ್ಧತಿ ಹಾಕಿಕೊಂಡವು. ಸ್ವಾತಂತ್ರ್ಯ ದಿನದ ರಜೆ ಬರುವ ಮುಂಚೆ ಪ್ರತಿ ಮನೆಯ ಮಕ್ಕಳು ಒಬ್ಬ ಯೋಧನ ಹೆಸರು ಆರಿಸಿಕೊಳ್ಳಬೇಕು. ಊರು, ಪಡೆ, ವರ್ಷ ತಿಳಿದುಕೊಳ್ಳಬೇಕು. ಎಲ್ಲರೂ ಕೇಳಿರುವ ಹೆಸರಾದರೆ, ಅವರ ಪಕ್ಕದಲ್ಲಿ ಯಾರಿದ್ದರು ಎಂದೂ ಹುಡುಕಬೇಕು.

ಈ ಕೊನೆಯ ನಿಯಮ ಹುಟ್ಟಿದ್ದು ಸಿಯಾಚಿನ್‌ನಿಂದ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮಕುಸಿತವಾಯಿತು. ಅದರಡಿ ಸಿಕ್ಕವರು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ದಿನಗಟ್ಟಲೆ ಹಿಮದಡಿ ಇದ್ದೂ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ದೇಶ ಆ ಹೆಸರನ್ನು ಹೇಳಿಕೊಂಡು ಹರಕೆ ಹೊತ್ತಿತ್ತು. ಅದೇ ಹಿಮದಡಿ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ್ ಇದ್ದರು, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಇದ್ದರು. ಹನುಮಂತಪ್ಪ ಯಾರೆಂದು ತಟ್ಟನೆ ಹೇಳಿದ ಹೈಸ್ಕೂಲು ಹುಡುಗಿಯೊಬ್ಬಳಿಗೆ ಈ ಇಬ್ಬರೂ ಕನ್ನಡನಾಡಿನವರು ಎಂಬುದು ಹೊಸ ಸುದ್ದಿ. ಅವಳ ಅಪ್ಪನ ಊರು ತೇಜೂರಿನಿಂದ ಬಹಳ ದೂರವೇನಲ್ಲ. ದೀಪಾವಳಿಗೆ ಊರಿಗೆ ಹೋದಾಗ ಆ ಕುಟುಂಬ ತೇಜೂರಿನ ದಾರಿ ಹಿಡಿಯಿತು. ಮಾಡಿದ್ದೇನೂ ದೊಡ್ಡದಲ್ಲ, ಊರಿನವರ ಹತ್ತಿರ ನಾಗೇಶ್ ಬಗ್ಗೆ ಕೇಳಿಕೊಂಡು ಬಂದರು, ಅಷ್ಟೆ.

ಕೇಳುತ್ತಾ ಇರುವುದರಿಂದ ಏನಾಗುತ್ತದೆ ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆಗಿಂತ ಬೇರೆ ಉದಾಹರಣೆ ಬೇಡ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೀರ್ ವಿಮಾನಗಳ ತಂಡದಲ್ಲಿ ಅವರು ಮೀಸಲು ಪೈಲಟ್. ತಂಡದ ಒಂದು ವಿಮಾನ ಹಿಂದುಳಿದದ್ದರಿಂದ ಇವರು ಸೇರಿಕೊಂಡರು. ಮರಳಿ ಬರಲಿಲ್ಲ. ಅವರಿಗೆ ಏನಾಯಿತೆಂದು ಈ ಕಡೆ ಯಾರಿಗೂ ಗೊತ್ತಿರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದ ಪುಸ್ತಕದಿಂದ ವಿಷಯ ಹೊರಬಿತ್ತು: ಬೆನ್ನಟ್ಟಿ ಬಂದದ್ದು ಆ ಕಾಲದ ಅತಿ ವೇಗದ ಸ್ಟಾರ್‌ಫೈಟರ್, ಏಟು ತಿಂದಿದ್ದ ಮಿಸ್ಟೀರ್ ತಪ್ಪಿಸಿಕೊಂಡು ಓಡದೆ ತಿರುಗಿ ಬಿದ್ದು ಅದನ್ನು ಕೆಡವಿತ್ತು. ಪಾಕಿಸ್ತಾನದ ಪೈಲಟ್ ಹಾರಿ ಬದುಕಿಕೊಂಡ, ದೇವಯ್ಯ ಉಳಿಯಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ. ಮಡಿಕೇರಿಯಲ್ಲಿ ಈಗ ಅವರ ಪ್ರತಿಮೆಯಿದೆ. ರಾಜಾಸೀಟು, ಅಬ್ಬಿ ಜಲಪಾತ ಅಂತ ಹೊರಡುವ ಕಾರುಗಳು ಅದರ ಪಕ್ಕದಲ್ಲೇ ಹೋಗುತ್ತವೆ. ಹತ್ತು ನಿಮಿಷ ನಿಲ್ಲಿಸಿ ಈ ಕಥೆ ಹೇಳಿದ ಅಪ್ಪನೊಬ್ಬ ಹೇಳುವ ಪ್ರಕಾರ, ಆ ಪ್ರವಾಸದಲ್ಲಿ ಮಗ ಮೊಬೈಲು ಕೆಳಗಿಟ್ಟದ್ದು ಆಗ ಮಾತ್ರ.

ಬೆಂಗಳೂರಿನವರಿಗೆ ಅಷ್ಟು ದೂರವೂ ಬೇಡ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ‘ಬೆಂಗಳೂರು ಕಾಳಗ’ದಲ್ಲಿ ಸತ್ತವನ ಹೆಸರಿರುವ, ಸುಮಾರು 9ನೇ ಶತಮಾನದ ಶಾಸನವಿದೆ. ಅನೇಕರು ಅಲ್ಲಿಗೆ ಹೋಗುವುದು ಊರಿನ ಹೆಸರು ಎಷ್ಟು ಹಳೆಯದು ಎಂದು ನೋಡಲು. ಆದರೆ ಅದು ಮೊದಲಿಗೆ ಒಂದು ಸಾವಿನ ದಾಖಲೆ. ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಆನೆ, ಕುದುರೆ, ಕಾಲಾಳು ಕಿಕ್ಕಿರಿದ ಯುದ್ಧದ ಕೆತ್ತನೆ. ಗಂಗರ ಎರೆಯಪ್ಪನ ಕಾಲದಲ್ಲಿ ನಾಗತ್ತರ ಎಂಬವನು ಹೋರಾಡಿ ಸತ್ತದ್ದನ್ನು ಹೇಳಿದ ಮೇಲೆ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಅವನ ಪದವಿ ಯಾರಿಗೆ ಹೋಯಿತು, ಯಾವ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ, ಅಂದರೆ ದತ್ತಿಯಾಗಿ, ಕೊಡಲಾಯಿತು ಎಂದೂ ಹೇಳುತ್ತದೆ. ಕನ್ನಡನಾಡಿನ ವೀರಗಲ್ಲುಗಳಲ್ಲಿ ಇಂಥ ಕೊಡುಗೆಯ ಸಾಲು ಮತ್ತೆ ಮತ್ತೆ ಸಿಗುತ್ತದೆ. ಕಲ್ಲು ನಿಲ್ಲಿಸಿ ಕೈತೊಳೆದುಕೊಂಡರೆ ಆಯಿತು ಎಂದು ಆಗಿನವರು ಅಂದುಕೊಂಡಿರಲಿಲ್ಲ ಎಂಬುದು ನನಗೆ ಅದನ್ನು ಓದಿದಾಗಲೆಲ್ಲ ಅನಿಸುವ ಮಾತು.

ನಗರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿಯ ಏಕಶಿಲೆಗೂ ವೀರಗಲ್ಲು ಎಂದೇ ಹೆಸರಿಟ್ಟಿದ್ದಾರೆ. ಸ್ವಾತಂತ್ರ್ಯದ ನಂತರ ಮಡಿದವರ ಹೆಸರುಗಳು ಅಲ್ಲಿನ ಕಲ್ಲುಗಳ ಮೇಲಿವೆ. ದೆಹಲಿಗೆ ಹೋಗುವವರು ಇಂಡಿಯಾ ಗೇಟಿನ ಬಳಿ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸಂಜೆಯ ಹೊತ್ತು ಇರುವಂತೆ ನೋಡಿಕೊಳ್ಳಬೇಕು. ಆ ಹೊತ್ತಿಗೆ ಮಡಿದ ಯೋಧನ ಮನೆಯವರನ್ನು ಕರೆಸಿ ಹೂವಿನ ಚಕ್ರ ಇಡಿಸುವ ಕ್ರಮ ಅಲ್ಲಿದೆ. ಅಲ್ಲಿನ ತ್ಯಾಗ ಚಕ್ರದ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳು. ಸುಮ್ಮನೆ ಸುತ್ತು ಹಾಕಿದರೆ ಕಣ್ಣು ದಣಿಯುತ್ತದೆ; ಒಂದು ಹೆಸರು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಮಕ್ಕಳು ಬಿಡುವುದಿಲ್ಲ.

ಮಡಿದ ಯೋಧರ ಮನೆಗೆ ಭೇಟಿ ಕೊಡುವ ವಿಚಾರ ಸ್ವಲ್ಪ ನಾಜೂಕು. ರಜೆಯ ದಿನವೇ ಹೋಗಬೇಕೆಂದಿಲ್ಲ. ಆ ದಿನ ಅಲ್ಲಿ ಜನ ಇದ್ದೇ ಇರುತ್ತಾರೆ. ಅದರ ಮುಂದಿನ ಭಾನುವಾರ ಒಳ್ಳೆಯದು, ಅದೂ ಫೋನ್ ಮಾಡಿ ಕೇಳಿ. “ನೀವು ಹೆಮ್ಮೆಪಡಬೇಕು” ಎಂದು ಎದುರಿಗೆ ಕೂತು ಉಪದೇಶ ಮಾಡುವುದು ಬೇಡ. “ಸರ್ಕಾರದಿಂದ ಎಷ್ಟು ಬಂತು?” ಎಂಬ ಪ್ರಶ್ನೆಯಂತೂ ಖಂಡಿತ ಬೇಡ. ನಮ್ಮ ಬಡಾವಣೆಯ ಆ ತಾಯಿಗೆ ಈ ಪ್ರಶ್ನೆ ಕೇಳದ ನೆಂಟರೇ ಇರಲಿಲ್ಲವಂತೆ.

ಹೋಗಿ ಬರುವವರಿಗೆ ಕೆಲಸ ತಾನಾಗಿಯೇ ಕಾಣಿಸುತ್ತದೆ. ಪಿಂಚಣಿ ಪಡೆಯುವ ಮನೆಯವರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣ ಪತ್ರ ಕೊಡಬೇಕು. ರಕ್ಷಣಾ ಪಿಂಚಣಿಯ ವ್ಯವಹಾರ ಈಗ ‘ಸ್ಪರ್ಶ್’ ಪೋರ್ಟಲ್‌ನಲ್ಲಿ. ಪಾತ್ರೆ ತೊಳೆದು ಬಟ್ಟೆ ಒಗೆದು ಸವೆದ ಬೆರಳಿನ ಗುರುತನ್ನು ಯಂತ್ರ ಎಷ್ಟೋ ಸಲ ಒಪ್ಪುವುದಿಲ್ಲ. ಆ ತಾಯಿ ಇದಕ್ಕಾಗಿ ಅಲೆದು ಸುಸ್ತಾಗಿದ್ದರು. ಬೀದಿಯ ಕಾಲೇಜು ಹುಡುಗನೊಬ್ಬ ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿ ಮೊಬೈಲಿನಲ್ಲಿ ಮುಖ ಗುರುತಿಸುವ ಆ್ಯಪ್‌ನಿಂದ ಆ ಕೆಲಸ ಮುಗಿಸಿದ. ಈಗ ಪ್ರತಿ ವರ್ಷ ಅವನದೇ ಆ ಜವಾಬ್ದಾರಿ. ಹಣ ಕೊಡಬೇಕೆನ್ನುವವರಿಗೆ 1949ರಿಂದ ಆಚರಿಸುತ್ತಿರುವ ಸಶಸ್ತ್ರ ಪಡೆಗಳ ಧ್ವಜ ದಿನವಿದೆ, ಡಿಸೆಂಬರ್ 7. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜ ಕೊಟ್ಟು ವಂತಿಗೆ ಪಡೆಯುತ್ತಾರೆ. ಆ ನಿಧಿ ಮಡಿದವರ ಕುಟುಂಬಗಳಿಗೆ, ಗಾಯಗೊಂಡವರಿಗೆ, ನಿವೃತ್ತರಿಗೆ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳನ್ನು ಕೇಳಿದರೆ ದಾರಿ ಹೇಳುತ್ತಾರೆ. ನಮ್ಮ ಬಡಾವಣೆಯ ಹಣ್ಣಿನ ಬುಟ್ಟಿಯ ದುಡ್ಡು ಈಗ ಆ ನಿಧಿಗೆ ಹೋಗುತ್ತಿದೆ.

ಶಾಲಿನ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಶಾಲಿಲ್ಲದೆ ಕಾರ್ಯಕ್ರಮ ಬೋಳು ಬೋಳು ಎಂದು ಖಜಾಂಚಿಯವರ ವಾದ. ಫೋಟೊ ಇಲ್ಲದಿದ್ದರೆ ಮುಂದಿನ ವರ್ಷ ವಂತಿಗೆ ಕೇಳುವುದು ಹೇಗೆ ಎಂದೂ ಕೇಳುತ್ತಾರೆ. ಕಳೆದ ಸಭೆಯಲ್ಲಿ ಆ ತಾಯಿಯನ್ನೇ ಕರೆದು ಕೇಳಿದಾಗ, “ಹೊದಿಸೋದಾದ್ರೆ ಆ ಫಾರಂ ತುಂಬಿಸಿದ ಹುಡುಗಂಗೆ ಹೊದಿಸಿ, ಮಳೆಗಾಲದಲ್ಲಿ ಬೈಕಲ್ಲಿ ಓಡಾಡ್ತಾನೆ” ಅಂದರು. ಖಜಾಂಚಿಯವರು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.